ಭಾವ ತಂದ ಬಣ್ಣದ ಸೀಸೆಗಳು

ನನ್ನ ಅಕ್ಕನ ಗಂಡನನ್ನು ನಮ್ಮ ಬೀದಿಯವರೆಲ್ಲ ಬಿಲ್ಲೆಯಣ್ಣ ಎಂದು ಕರೆಯುತ್ತಿದ್ದರು. ನನಗೆ ಅವರು ಭಾವ. ಹಳೆಯ ಕಾಲದ ಕಾರುಗಳ ಮೂತಿಯ ಮೇಲೆ, ಎರಡು ದೀಪಗಳ ನಡುವೆ, ಕಂಪನಿಯ ಗುರುತಿನ ಬಣ್ಣದ ಬಿಲ್ಲೆಯೊಂದು ಇರುತ್ತದಲ್ಲ, ಅದು ಒಡೆದರೆ ಸರಿಮಾಡಿ ಕೊಡುವುದು ಅವರ ಕಸುಬು. ಈಗಿನ ಕಾರುಗಳಲ್ಲಿ ಅದು ಪ್ಲಾಸ್ಟಿಕ್ಕು. ಆಗ ಹಾಗಲ್ಲ, ತಾಮ್ರದ ತಗಡಿನ ಮೇಲೆ ಬಣ್ಣದ ಗಾಜಿನ ಪುಡಿ ಹರಡಿ, ಬೆಂಕಿಯಲ್ಲಿ ಕರಗಿಸಿ ಅಂಟಿಸಿದ ಎನಾಮೆಲ್. ಮಳೆಬಿಸಿಲಿಗೆ ಅದು ಮಾಸುವುದಿಲ್ಲ. ಆದರೆ ಒಂದು ಕಲ್ಲು ಸಿಡಿದರೆ ಸಾಕು, ಹಲ್ಲು ಉದುರಿದ ಬಾಯಿಯ ಹಾಗೆ ಕಾಣುತ್ತದೆ.

ನಾನು ಕಾರುಗಳ ಡೊಂಕು ತೆಗೆಯುವ ಶೆಡ್ಡು ಇಟ್ಟುಕೊಂಡವನು. ನನ್ನದು ಸುತ್ತಿಗೆಯ ಕೆಲಸ, ಅವರದು ಸೂಜಿಮೊನೆಯ ಕೆಲಸ. ಗಿರಾಕಿಗಳು ನನ್ನ ಶೆಡ್ಡಿಗೆ ಬಂದು, ಕರವಸ್ತ್ರದಲ್ಲಿ ಸುತ್ತಿದ ಬಿಲ್ಲೆಯನ್ನು ಕೂಸಿನಂತೆ ಬಿಚ್ಚಿ ತೋರಿಸುತ್ತಿದ್ದರು. ನಾನು ಅದನ್ನು ಅಕ್ಕನ ಮನೆಗೆ ಮುಟ್ಟಿಸುತ್ತಿದ್ದೆ.

ಭಾವ ಈ ವಿದ್ಯೆ ಕಲಿತದ್ದು ಪದಕ ಮತ್ತು ಬ್ಯಾಡ್ಜುಗಳನ್ನು ಮಾಡುವ ಒಂದು ಕಾರ್ಖಾನೆಯಲ್ಲಿ. ಮದುವೆಯಾದ ಮರುವರ್ಷವೇ ಅದು ಬಾಗಿಲು ಹಾಕಿತು. ಒಳಗಿದ್ದ ಸಾಮಾನನ್ನು ಕೆಲಸಗಾರರು ಹಂಚಿಕೊಂಡರು. ಒಬ್ಬ ಕುರ್ಚಿ ಹೊತ್ತ, ಇನ್ನೊಬ್ಬ ಫ್ಯಾನು ಬಿಚ್ಚಿಕೊಂಡ. ಭಾವ ಮಾತ್ರ ಬಣ್ಣದ ಕಪಾಟಿನ ಮುಂದೆ ನಿಂತುಬಿಟ್ಟರು. ಗಾಜಿನ ಬಿರಡೆಯ ದಪ್ಪ ಸೀಸೆಗಳು. ಒಳಗೆ ಒರಟು ಸಕ್ಕರೆಯಂಥ ಪುಡಿ, ಕೆಂಪು, ಕಡುನೀಲಿ, ಎಲೆಹಸಿರು, ಹಾಲುಬಿಳಿ. ಒಂದು ಸಣ್ಣ ಕರೆಂಟಿನ ಕುಲುಮೆಯನ್ನೂ ಜೊತೆಗಿಟ್ಟುಕೊಂಡು, ಎಲ್ಲವನ್ನೂ ತಳ್ಳುಗಾಡಿಯಲ್ಲಿ ಹುಲ್ಲು ತುಂಬಿ ಮನೆಗೆ ತಂದರು. ಅಕ್ಕ ಬಾಗಿಲಲ್ಲಿ ನಿಂತು ನೋಡಿ, "ನೋಡೋ ತಮ್ಮಾ, ಒಬ್ಬಳು ಸಾಲದು ಅಂತ ಇಷ್ಟು ಜನ ಸವತಿಯರನ್ನ ಗಾಡೀಲಿ ಕೂರಿಸ್ಕೊಂಡು ಬಂದಿದ್ದಾರೆ" ಅಂದಳು. ಭಾವ ಸಂಕೋಚದಿಂದ ನಕ್ಕರು. ಅವರು ಮಾತಾಡುವುದೇ ಕಡಿಮೆ.

ಮನೆಯೆಂದರೆ ಎರಡು ಕೋಣೆ. ಹಿಂದಿನದು ಅಡುಗೆಗೂ ಆಯಿತು, ಕುಲುಮೆಗೂ ಆಯಿತು. ಕಿಟಕಿಯ ಬೆಳಕು ಬೀಳುವಲ್ಲಿ ಒಂದು ಮೇಜು. ಅದರ ಒಂದು ತುದಿಯಲ್ಲಿ ಅಕ್ಕ ತರಕಾರಿ ಹೆಚ್ಚಿದರೆ ಇನ್ನೊಂದು ತುದಿಯಲ್ಲಿ ಭಾವ ಗಾಜು ಅರೆಯುತ್ತಿದ್ದರು. ಕಲ್ಲಿನ ಕುಟ್ಟಾಣಿಯಲ್ಲಿ ನೀರು ಹಾಕಿ ನುಣ್ಣಗೆ ಅರೆದು, ಮೇಲಿನ ಬಗ್ಗಡ ಚೆಲ್ಲಿ, ಹಕ್ಕಿಯ ಗರಿಯ ತುದಿಯಿಂದ ತಾಮ್ರದ ಗುಳಿಗಳಿಗೆ ತುಂಬುವುದು. ಒಣಗಿದ ಮೇಲೆ ಗೆರೆ ದಾಟಿ ಕೂತ ಪುಡಿಯನ್ನು ಬಾಯಿಂದ ಉಫ್ ಅಂತ ಊದುವುದು. ಕುಲುಮೆಗೆ ಇಟ್ಟು ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ಕಾಯುವುದು. ಪುಡಿ ಮೊದಲು ಕಪ್ಪಾಗಿ, ಆಮೇಲೆ ಕಿತ್ತಳೆಯ ಸಿಪ್ಪೆಯಂತೆ ಬೊಕ್ಕೆಬೊಕ್ಕೆಯಾಗಿ, ಕೊನೆಗೆ ಕೆರೆಯ ನೀರಿನಂತೆ ಸಮವಾಗಿ ಹೊಳೆದಾಗ ಚಿಮಟದಿಂದ ಹೊರಗೆ ಎಳೆಯುವುದು. ಹೆಚ್ಚಾದದ್ದನ್ನು ಸಾಣೆಕಲ್ಲಿನಿಂದ ಉಜ್ಜುವುದು, ಮತ್ತೆ ಬೆಂಕಿಗೆ ಕೊಡುವುದು.

"ಹಸಿರು ಒಳ್ಳೆ ಮನೆ ಹುಡುಗಿ, ಹೇಳಿದ ಮಾತು ಕೇಳ್ತಾಳೆ. ನೀಲಿಯೂ ಪರವಾಗಿಲ್ಲ. ಈ ಕೆಂಪು ಮಾತ್ರ ನಿಮ್ಮಕ್ಕನ ಹಾಗೆ. ಒಂದು ಚೂರು ಹೆಚ್ಚು ಕಾಯಿಸಿದ್ರೆ ಮುಖ ಕಪ್ಪು ಮಾಡ್ಕೊಂಡು ಕೂತ್ಕೊಳ್ತಾಳೆ" ಎಂದು ಒಮ್ಮೆ ನನಗೆ ಹೇಳಿದ್ದರು. ಅಕ್ಕ ಸೌಟು ಎತ್ತಿ ತೋರಿಸಿದಳು. ಆ ದಿನಗಳಲ್ಲಿ ಆ ಮನೆಯಲ್ಲಿ ನಗುವಿತ್ತು.

ಅಕ್ಕನಿಗೆ ಬಸಿರು ನಿಲ್ಲುತ್ತಿರಲಿಲ್ಲ. ನಿಂತಿತು ಎನ್ನುವಾಗಲೇ ಹೋಗುತ್ತಿತ್ತು. ಹಣೆಬರಹ ಎಂದುಕೊಂಡು ಕಣ್ಣೊರೆಸಿಕೊಂಡರು. ಕೊನೆಗೊಂದು ಹೆಣ್ಣುಮಗು ಉಳಿಯಿತು. ಅಂಗೈಯಗಲದ ಕೂಸು, ಗುಬ್ಬಿ ಎಂದು ಕರೆದೆವು. ಭಾವ ಅವಳನ್ನು ಎತ್ತಿಕೊಳ್ಳುವ ರೀತಿ ನೋಡಬೇಕಿತ್ತು. ಬೆಂಕಿಯಿಂದ ಆಗಷ್ಟೇ ಹೊರಗೆ ತೆಗೆದ ಬಿಲ್ಲೆಯನ್ನು ಹಿಡಿದ ಹಾಗೆ, ಉಸಿರು ಬಿಗಿಹಿಡಿದು.

ಗುಬ್ಬಿ ಅಂಬೆಗಾಲಿಟ್ಟದ್ದು ಆ ಮೇಜಿನ ಕೆಳಗೆ. ಅಪ್ಪ ಕೆಲಸ ಮಾಡುತ್ತಿದ್ದರೆ ಅವಳು ಅಲ್ಲೇ ಕೂತು, ನೆಲಕ್ಕೆ ಬಿದ್ದ ನುಣುಪು ಪುಡಿಯಲ್ಲಿ ಬೆರಳಿಂದ ಗೆರೆ ಎಳೆಯುತ್ತಿದ್ದಳು. ಆ ಬೆರಳು ಬಾಯಿಗೆ ಹೋಗುತ್ತಿತ್ತು. ಯಾವ ಮಗುವಿನ ಬೆರಳು ಹೋಗುವುದಿಲ್ಲ? ಸಂಜೆ ಭಾವ ಕೈಕೊಡವಿ ಅವಳನ್ನು ಮಡಿಲಿಗೆ ಹಾಕಿಕೊಂಡು ತುತ್ತು ತಿನ್ನಿಸುತ್ತಿದ್ದರು. ಅವರ ಅಂಗಿಯ ಮೇಲೆ ತಲೆಯಿಟ್ಟು ಅವಳು ನಿದ್ದೆ ಹೋಗುತ್ತಿದ್ದಳು. ಎದ್ದಾಗ ಕೆನ್ನೆಯ ಮೇಲೆ ಬೆಳಕಿಗೆ ಮಿನುಗುವ ಧೂಳು. "ನನ್ನ ಬಣ್ಣದ ಕೂಸು" ಎನ್ನುತ್ತಿದ್ದರು ಭಾವ.

ಮಾತು ಬರುವುದು ತಡವಾಯಿತು. "ಅಪ್ಪನ ಮಗಳಲ್ವಾ, ಮಾತು ಕಮ್ಮಿ" ಎಂದು ನಾವೇ ಸಮಾಧಾನ ಹೇಳಿದೆವು. ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದಳು, ಜಂತುಹುಳ ಅಂದುಕೊಂಡೆವು. ಶಾಲೆಗೆ ಹಾಕಿದರೆ, ನಿನ್ನೆ ಕಲಿತ ಅಕ್ಷರ ಇವತ್ತು ಇಲ್ಲ. ಟೀಚರು ಅಕ್ಕನನ್ನು ಕರೆಸಿ, "ಮಗು ಕೂತಲ್ಲಿ ಕೂರಲ್ಲ, ಒಮ್ಮೊಮ್ಮೆ ಕರೆದ್ರೂ ಕೇಳಿಸಲ್ಲ, ದೊಡ್ಡ ಆಸ್ಪತ್ರೇಲಿ ಒಂದ್ಸಲ ತೋರಿಸಿ" ಅಂದರು. ತೋರಿಸೋಣ, ತೋರಿಸೋಣ ಎನ್ನುವಷ್ಟರಲ್ಲಿ ಒಂದು ಬೆಳಗ್ಗೆ ತಲೆ ಬಾಚಿಸಿಕೊಳ್ಳುತ್ತಿದ್ದವಳು ಹಾಗೇ ಅಕ್ಕನ ಕಾಲ ಮೇಲೆ ಬಿಲ್ಲಿನಂತೆ ಸೆಟೆದುಕೊಂಡಳು. ಕಣ್ಣು ಮೇಲಕ್ಕೆ ಹೋಗಿತ್ತು, ಬಾಯಲ್ಲಿ ನೊರೆ. ನನ್ನ ಶೆಡ್ಡಿನಲ್ಲಿ ರಿಪೇರಿಗೆ ಬಂದಿದ್ದ ಯಾರದೋ ಕಾರಿನಲ್ಲಿ ಮಲಗಿಸಿ, ಬಾನೆಟ್ಟಿಲ್ಲದ ಆ ಕಾರನ್ನೇ ಓಡಿಸಿಕೊಂಡು ಆಸ್ಪತ್ರೆಗೆ ಹೋದೆವು.

ಮಕ್ಕಳ ವಿಭಾಗದ ಡಾಕ್ಟರಮ್ಮ ಮಗುವನ್ನು ನೋಡಿದರು, ಒಸಡು ನೋಡಿದರು, ಉಗುರು ನೋಡಿದರು. ಆಮೇಲೆ ಭಾವನ ಕಡೆ ತಿರುಗಿ, "ನೀವೇನು ಕೆಲಸ ಮಾಡ್ತೀರಿ?" ಎಂದು ಕೇಳಿದರು. ಭಾವನಿಗೆ ತಮ್ಮ ಕೆಲಸದ ಮಾತು ಬಂದರೆ ಹೆಮ್ಮೆ. ಜೇಬಿನಲ್ಲಿದ್ದ ಒಂದು ಬಿಲ್ಲೆಯನ್ನು ತೆಗೆದು ಮೇಜಿನ ಮೇಲಿಟ್ಟರು. ಅಂಥ ಹೊತ್ತಿನಲ್ಲೂ.

"ಇದನ್ನ ಎಲ್ಲಿ ಮಾಡ್ತೀರಿ?"

"ಮನೇಲೇ."

"ಬಣ್ಣ ಹೊಸದಾ, ಹಳೇದಾ?"

"ಹಳೇದು ತಾಯೀ. ಈಗ ಇಂಥದ್ದು ಸಿಗೋದೇ ಇಲ್ಲ."

ಡಾಕ್ಟರಮ್ಮ ಬಿಲ್ಲೆಯನ್ನು ಮುಟ್ಟಲಿಲ್ಲ. ಅಪ್ಪ, ಅಮ್ಮ, ಮಗು ಮೂವರದ್ದೂ ರಕ್ತ ತೆಗೆಸಿದರು. ಫಲಿತಾಂಶ ಬಂದ ದಿನ ನಾನೂ ಜೊತೆಗಿದ್ದೆ. ಹಳೆಯ ಕಾಲದ ಎನಾಮೆಲ್ಲಿನಲ್ಲಿ ಸೀಸ ಬೆರೆಸುತ್ತಿದ್ದರು, ಬೇಗ ಕರಗಲಿ, ಹೊಳಪು ಬರಲಿ ಅಂತ. ಸೀಸ ವಿಷ, ಅದರ ಪುಡಿ ಮಗುವಿನ ಮೈಯೊಳಗೆ ಸೇರಿದೆ. ಹುಟ್ಟುವ ಮುಂಚೆ, ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಸೇರಿರಬಹುದು. ಉಳಿಯದೆ ಹೋದ ಬಸಿರುಗಳಿಗೂ ಅದೇ ಕಾರಣವಿರಬಹುದು, ಖಚಿತವಾಗಿ ಹೇಳಲಾಗುವುದಿಲ್ಲ. ಇಷ್ಟನ್ನೂ ಅವರು ನಿಧಾನವಾಗಿ, ನಮಗೆ ಅರ್ಥವಾಗುವ ಮಾತಿನಲ್ಲಿ ಹೇಳಿದರು.

"ಔಷಧಿ ಇದೆ ಅಲ್ವಾ?" ಎಂದು ಅಕ್ಕ ಕೇಳಿದಳು.

"ರಕ್ತದಲ್ಲಿರೋದನ್ನ ಸ್ವಲ್ಪ ಕಡಿಮೆ ಮಾಡಬಹುದು. ಫಿಟ್ಸಿಗೆ ಮಾತ್ರೆ ಕೊಡ್ತೀವಿ. ಆದ್ರೆ ಮಿದುಳಿಗೆ ಆಗಿರೋ ಪೆಟ್ಟು ಸರಿಹೋಗಲ್ಲಮ್ಮ."

ಭಾವ ಮೇಜಿನಂಚನ್ನು ಹಿಡಿದುಕೊಂಡರು. "ನನ್ನ ಮಗಳಿಗೆ ನಾನೇ..." ಅಷ್ಟೇ ಹೊರಬಂದದ್ದು.

ಮನೆಗೆ ಬಂದೆವು. ಅಕ್ಕ ಬಾಗಿಲು ತೆರೆದು, ಗೋಡೆಯ ಹಲಗೆಯ ಮೇಲೆ ಸಾಲಾಗಿ ಹೊಳೆಯುತ್ತಿದ್ದ ಬಣ್ಣಗಳನ್ನು ನೋಡಿ, "ಸೀಸೆ ತುಂಬ ಸೀಸ ತಂದ್ರಿ. ನಾನೂ ನಗ್ತಾ ಒಳಗೆ ಇಡಿಸ್ಕೊಂಡೆ" ಅಂದಳು. ಅತ್ತಿದ್ದರೆ, ಬೈದಿದ್ದರೆ, ಎದೆಗೆ ಗುದ್ದಿದ್ದರೆ ಭಾವ ಹೇಗೋ ಬದುಕಿಕೊಳ್ಳುತ್ತಿದ್ದರು. ಅವಳು ಅದೊಂದನ್ನೂ ಮಾಡಲಿಲ್ಲ. ಮಗುವನ್ನು ಎತ್ತಿಕೊಂಡು ನನ್ನ ಮನೆಗೆ ಬಂದುಬಿಟ್ಟಳು.

ಆ ವಾರವೆಲ್ಲ ಭಾವ ಒಬ್ಬರೇ ಮನೆ ತೊಳೆದರು. ಹಾಸಿಗೆ ಹೋಯಿತು, ಪರದೆ ಹೋಯಿತು, ಗುಬ್ಬಿಯ ಬಟ್ಟೆಯ ಬೊಂಬೆ ಹೋಯಿತು. ಗೋಡೆಯ ಸುಣ್ಣವನ್ನು ಒದ್ದೆ ಮಾಡಿ ಮಾಡಿ ಕೆರೆದರು. ನಾನು ಊಟ ಕೊಡಲು ಹೋದಾಗ ನೆಲದ ಮೇಲೆ ಮಂಡಿಯೂರಿ ಕಲ್ಲುಚಪ್ಪಡಿಗಳ ಸಂದಿಯನ್ನು ಸೂಜಿಯಿಂದ ಕೆದಕುತ್ತಿದ್ದರು. ಬಿಲ್ಲೆಯ ಗುಳಿಯಿಂದ ಹಳೆಯ ಗಾಜು ಬಿಡಿಸಲು ಇಟ್ಟುಕೊಂಡಿದ್ದ ಅದೇ ಸೂಜಿ. "ಭಾವ, ಸಾಕು ಏಳಿ" ಅಂದೆ. "ಬರ್ತಾನೇ ಇದೆಯಪ್ಪಾ, ಇನ್ನೂ ಬರ್ತಾನೇ ಇದೆ" ಅಂದರು, ತಲೆಯೆತ್ತದೆ.

ಮನೆ ತೊಳೆದು ಮುಗಿದ ಮೇಲೆ ಅವರಿಗೆ ಜೊತೆಯಲ್ಲಿ ದುಡಿದವರ ನೆನಪಾಯಿತು. ಅವರ ಮನೆಗಳಲ್ಲೂ ಮಕ್ಕಳಿರಬಹುದು. ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋದರು. ಕೆಲವರು ಊರು ಬಿಟ್ಟಿದ್ದರು, ಒಬ್ಬ ತೀರಿಕೊಂಡಿದ್ದ. ಕೊನೆಗೆ ಸಿಕ್ಕವರು ಅವರಿಗೆ ಕೆಲಸ ಕಲಿಸಿದ ಮೇಸ್ತ್ರಿ. ಮಗಳ ಮನೆಯ ಜಗುಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದ ಮುದುಕರು. ನಾನೂ ಭಾವನ ಜೊತೆ ಹೋಗಿದ್ದೆ.

ಎಲ್ಲ ಕೇಳಿದ ಮೇಸ್ತ್ರಿ ಬೆರಗಾಗಿ, "ನಿಂಗೆ ಗೊತ್ತಿರ್ಲಿಲ್ವೇನೋ?" ಅಂದರು. "ದಿನಾ ಮಧ್ಯಾಹ್ನ ಒಂದೊಂದು ಲೋಟ ಹಾಲು ಯಾಕೆ ಕೊಡಿಸ್ತಿದ್ದೆ ಅಂದ್ಕೊಂಡೆ? ಸೀಸದ ವಿಷ ಇಳೀಲಿ ಅಂತ! ಹೊರಗೆ ಹೋಗುವಾಗ ಗೇಟಲ್ಲಿ ನಿಂತು ಕೈ ತೊಳೆಸಿ, ಅಂಗಿ ಕೊಡವಿಸಿ, ಜೇಬು ನೋಡಿ ಕಳಿಸ್ತಿದ್ದೆನಲ್ಲ! ಬಣ್ಣ ಮನೆಗೆ ಹೋಗ್ಬಾರ್ದು, ಬಣ್ಣ ಮನೆಗೆ ಹೋಗ್ಬಾರ್ದು ಅಂತ ಬಡ್ಕೋತಿದ್ದೆನಲ್ಲ!"

ಭಾವ, "ನಾವು ಕದೀತೀವಿ ಅಂತ ನೋಡ್ತಿದ್ದೀರಿ ಅಂದ್ಕೊಂಡಿದ್ವಿ ಮೇಸ್ತ್ರೀ" ಅಂದರು. "ನಂಗೆ ಎಷ್ಟು ಅವಮಾನ ಆಗ್ತಿತ್ತು ಗೊತ್ತಾ? ಕಾರ್ಖಾನೆ ಮುಚ್ಚಿದ ದಿನ, ಈಗ ಯಾರು ಜೇಬು ನೋಡ್ತಾರೆ ನೋಡೋಣ ಅಂತ ಗಾಡಿ ತುಂಬಿಸ್ಕೊಂಡು ಹೋದೆ."

ಮೇಸ್ತ್ರಿ ಕಂಬಳಿಯನ್ನು ಮೂಗಿನವರೆಗೆ ಎಳೆದುಕೊಂಡರು. ನಾವು ಎದ್ದು ಬರುವಾಗ ಒಳಗಿನಿಂದ ಅವರ ಮಗಳು ನೀರು ತಂದಳು. ಭಾವ ಆ ಲೋಟವನ್ನು ಕೈಯಲ್ಲಿ ಹಿಡಿದು ನೋಡಿ, ಕುಡಿಯದೆ ವಾಪಸು ಕೊಟ್ಟರು.

ದಾರಿಯಲ್ಲಿ, "ಬೇಲೀನೇ ಎದ್ದು ಹೊಲ ಮೇಯ್ತಲ್ಲೋ" ಅಂದರು ನನಗೆ. ಗಾದೆಗಳಿಗೆ ಇಂಥ ಅರ್ಥವೂ ಇರುತ್ತದೆ ಎಂದು ನನಗೆ ಆಗ ಮೊದಲ ಸಲ ಅನ್ನಿಸಿತು.

ಸೀಸೆಗಳ ಸುದ್ದಿ ಹೇಗೋ ಒಬ್ಬ ವ್ಯಾಪಾರಿಗೆ ಮುಟ್ಟಿತು. ಹಳೆಯ ಕಾರುಗಳ ಬಿಡಿಭಾಗ ಮಾರುವವನು. ಆ ಕೆಂಪು ಈಗ ಲೋಕದಲ್ಲೇ ಸಿಗುವುದಿಲ್ಲ, ಕೇಳಿದಷ್ಟು ಕೊಡುತ್ತೇನೆ ಎಂದು ನನ್ನ ಶೆಡ್ಡಿಗೇ ಬಂದ. ಗುಬ್ಬಿಯ ಔಷಧಿ, ತಪಾಸಣೆ ಎಲ್ಲ ನನ್ನ ತಲೆಯಲ್ಲಿದ್ದವು. ಭಾವ ಒಪ್ಪಿಯಾರು ಎಂದುಕೊಂಡೆ. ಅವರು ವ್ಯಾಪಾರಿಯನ್ನು ಒಂದೇ ಮಾತು ಕೇಳಿದರು: "ನಿಮಗೆ ಮಕ್ಕಳಿದ್ದಾರಾ?" ಅವನು ನಕ್ಕು, ಇಬ್ಬರು ಎಂದ. "ಹಾಗಿದ್ರೆ ಹೋಗಿ" ಅಂದರು. ಮಾರನೆಯ ದಿನ ಒಂದು ಕಬ್ಬಿಣದ ಪೀಪಾಯಿಯೊಳಗೆ ಸೀಸೆಗಳನ್ನು ಒಂದೊಂದಾಗಿ ಇಟ್ಟು, ಮೇಲೆ ಕಾಂಕ್ರೀಟು ಸುರಿದರು. ನಾನೇ ಸಿಮೆಂಟು ಕಲಸಿಕೊಟ್ಟೆ. ಕೆಂಪಿನ ಸೀಸೆಯನ್ನು ಕೊನೆಗೆ ಇಟ್ಟರು. ಅದನ್ನು ಬೆಳಕಿಗೆ ಹಿಡಿದು ನೋಡಿದರು ಎಂದು ಬರೆದರೆ ಚೆನ್ನಾಗಿರುತ್ತದೇನೋ, ನೋಡಲಿಲ್ಲ. ಕಣ್ಣು ಮುಚ್ಚಿಕೊಂಡೇ ಇಟ್ಟರು.

ಆಮೇಲೆ ಅವರು ಒಂದು ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಪಟ್ಟಿ ಬಿಗಿಯುವ ಕೆಲಸಕ್ಕೆ ಸೇರಿದರು. ಬೇರೆ ಬೀದಿಯಲ್ಲಿ ಬೇರೆ ಮನೆ ಹಿಡಿದ ಮೇಲೆ ಅಕ್ಕ ಮಗುವಿನ ಜೊತೆ ಅಲ್ಲಿಗೆ ಹೋದಳು. ಗಂಡಹೆಂಡತಿ ಜಗಳವಾಡಿದ್ದನ್ನು ನಾನು ಕಾಣೆ. ಅಡುಗೆ ಆಗುತ್ತಿತ್ತು, ಬಟ್ಟೆ ಒಗೆದಾಗುತ್ತಿತ್ತು. ಆದರೆ ಅಕ್ಕ ಅವರೊಂದಿಗೆ ಆಡುತ್ತಿದ್ದ ಮಾತು ಒಂದೇ: "ಕೈ ತೊಳ್ಕೊಂಡ್ರಾ?" ಗೋದಾಮಿನ ರಟ್ಟಿನ ಧೂಳಿನಲ್ಲಿ ಏನಿದೆ? ಏನೂ ಇಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವಳು ಕೇಳುತ್ತಿದ್ದಳು, ಅವರು ಮತ್ತೊಮ್ಮೆ ಹೋಗಿ ತೊಳೆದುಕೊಂಡು ಬರುತ್ತಿದ್ದರು. ತೊಳೆದು ತೊಳೆದು ಅವರ ಬೆರಳ ಗೆಣ್ಣುಗಳು ಬಿರುಕುಬಿಟ್ಟು ರಕ್ತ ಜಿನುಗುತ್ತಿತ್ತು.

ಗುಬ್ಬಿ ಬೆಳೆದಳು. ಮೈ ಬೆಳೆಯಿತು, ಬುದ್ಧಿ ಮೇಜಿನ ಕೆಳಗೇ ಕೂತುಬಿಟ್ಟಿತು. ಅಕ್ಷರ ಬರಲಿಲ್ಲ. ಕೂದಲು ಕಟ್ಟಿಕೊಳ್ಳಲು, ಗುಂಡಿ ಹಾಕಿಕೊಳ್ಳಲು ಬರಲಿಲ್ಲ. ಸಿಟ್ಟು ಬಂದರೆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿದ್ದಳು. ಬೀದಿಗೆ ಕರೆದುಕೊಂಡು ಹೋದರೆ ಮಾತ್ರ ನಿಂತ ಪ್ರತಿ ಕಾರಿನ ಮೂತಿಯ ಹತ್ತಿರ ಬಾಗಿ, ಬಿಲ್ಲೆಯನ್ನು ಬೆರಳಿಂದ ಸವರಿ, "ಅಪ್ಪ" ಎನ್ನುತ್ತಿದ್ದಳು. ಭಾವ ಅದನ್ನು ಕೇಳಲಾರದೆ ಅವಳ ಕೈಹಿಡಿದು ಎಳೆದುಕೊಂಡು ಹೋಗುತ್ತಿದ್ದರು.

ಒಂದು ಸಲ ನಮ್ಮ ಕಡೆಯ ಮೈದಾನದಲ್ಲಿ ಹಳೆಯ ಕಾರುಗಳ ಪ್ರದರ್ಶನ ಏರ್ಪಟ್ಟಿತು. ನನಗೆ ಗಿರಾಕಿಯೊಬ್ಬರು ಪಾಸು ಕೊಟ್ಟಿದ್ದರು. ಗುಬ್ಬಿಗೆ ಖುಷಿಯಾದೀತು ಎಂದು ನಾನೇ ಒತ್ತಾಯ ಮಾಡಿ ಅಪ್ಪಮಗಳನ್ನು ಕರೆದುಕೊಂಡು ಹೋದೆ. ಖುಷಿಯೂ ಆಯಿತು. ಬಿಸಿಲಿನಲ್ಲಿ ಸಾಲಾಗಿ ನಿಂತ ಕಾರುಗಳು; ಅವಳು ಒಂದರಿಂದ ಒಂದಕ್ಕೆ ಓಡುತ್ತಿದ್ದಳು, ಚಪ್ಪಾಳೆ ತಟ್ಟುತ್ತಿದ್ದಳು. ಭಾವನ ಮುಖದಲ್ಲೂ ಎಷ್ಟೋ ಕಾಲದ ಮೇಲೆ ಒಂದು ಗೆರೆ ಸಡಿಲಾಯಿತು. ಒಂದು ಕಡುಗಪ್ಪು ಕಾರಿನ ಮುಂದೆ ಅವಳು ನಿಂತು, ಕೆಂಪುನೀಲಿ ಬಿಲ್ಲೆಯ ಮೇಲೆ ಕೆನ್ನೆಯಿಟ್ಟಳು.

"ಏಯ್! ಮುಟ್ಬೇಡ! ಯಾರ್ರೀ ಈ ಹುಚ್ಚಿ? ಯಾರದು ಈ ಹುಡುಗಿ?" ಎಂದು ಕಾರಿನ ಯಜಮಾನ ಅರಚಿದ. ತೋಳು ಹಿಡಿದು ಎಳೆದ. ಗುಬ್ಬಿ ಬೆಚ್ಚಿಬಿದ್ದು, ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು. ಸುತ್ತ ನಿಂತಿದ್ದವರು ಹಿಂದೆ ಸರಿದರು. ಒಬ್ಬಾಕೆ ಮೂಗು ಮುಚ್ಚಿಕೊಂಡಳು.

ಆ ಬಿಲ್ಲೆ ಭಾವನ ಕೈಯದು. ಒಡೆದಿದ್ದಾಗ ನಾನೇ ಅದನ್ನು ಅವರಿಗೆ ತಂದುಕೊಟ್ಟಿದ್ದೆ, ಗುರುತು ಹಿಡಿದೆ. ಹೇಳೋಣ ಎಂದು ಬಾಯಿ ತೆರೆದೆ. ಭಾವ ನನ್ನ ಕೈ ಹಿಸುಕಿದರು. ತಮ್ಮ ಅಂಗಿ ಬಿಚ್ಚಿ ಮಗಳ ನಡುವಿಗೆ ಸುತ್ತಿ, ಬರಿಮೈಯಲ್ಲಿ ಆ ಯಜಮಾನನ ಮುಂದೆ ನಿಂತು, "ತಪ್ಪಾಯ್ತು ಸ್ವಾಮಿ" ಅಂದರು. "ನೋಡ್ಕೋಬಾರ್ದೇನ್ರೀ ಮಕ್ಕಳನ್ನ?" ಎಂದ ಅವನು. "ನೋಡ್ಕೊಳ್ಲಿಲ್ಲ ಸ್ವಾಮಿ" ಅಂದರು ಭಾವ. ಅಷ್ಟು ಜನರ ನಡುವೆ, ಬಹಳ ಸ್ಪಷ್ಟವಾಗಿ.

ಅದಾದ ಮೇಲೆ ಅವರು ಬೇಗ ಬೇಗ ಇಳಿದುಹೋದರು. ಮಣಿಕಟ್ಟು ಜೋತುಬಿತ್ತು; ಗರಿಯ ತುದಿಯಲ್ಲಿ ಸಾಸಿವೆಯಷ್ಟು ಬಣ್ಣ ಎತ್ತುತ್ತಿದ್ದ ಕೈಗೆ ಲೋಟ ಎತ್ತಲಾಗಲಿಲ್ಲ. ಮೂತ್ರಪಿಂಡ ಕೈಕೊಟ್ಟಿತು. ಇದೂ ಅದೇ ವಿಷದ್ದು ಎಂದು ಡಾಕ್ಟರು ಹೇಳಿದಾಗ, ಅವರ ಮುಖದಲ್ಲಿ ಸಮಾಧಾನದಂಥದ್ದೇನೋ ಕಂಡು ನನಗೆ ಹೆದರಿಕೆಯಾಯಿತು. ಚಿಕಿತ್ಸೆಗೆ ಹೋಗಲು ಎರಡು ಸಲ ಒಪ್ಪಿದರು, ಆಮೇಲೆ ಬೇಡವೆಂದರು. ಅಕ್ಕನೂ ಒತ್ತಾಯ ಮಾಡಲಿಲ್ಲ. ಒಂದು ಮಧ್ಯಾಹ್ನ, ಅಕ್ಕ ಗುಬ್ಬಿಗೆ ಸ್ನಾನ ಮಾಡಿಸುತ್ತಿದ್ದಾಗ, ಪಕ್ಕದ ಕೋಣೆಯಲ್ಲಿ ಹೋಗಿಬಿಟ್ಟರು. ಸದ್ದೇ ಆಗಲಿಲ್ಲವಂತೆ.

ಮಣ್ಣು ಮಾಡಿ ಬಂದ ಮೇಲೆ ಅಕ್ಕ ನನ್ನ ಪಕ್ಕ ಕೂತು ಹೇಳಿದಳು: "ಬೇಕು ಅಂತ ಮಾಡಿದ್ದಲ್ಲ ಅಂತ ನಂಗೆ ಮೊದಲ ದಿನಾನೇ ಗೊತ್ತಿತ್ತು ಕಣೋ. ಗೊತ್ತಿದ್ದು ಏನ್ ಬಂತು? ದಿನಾ ಬೆಳಗ್ಗೆ ಎದ್ದು, ಇವತ್ತು ಒಂದು ಮಾತು ಆಡೋಣ ಅಂದ್ಕೋತಿದ್ದೆ. ಅಷ್ಟರಲ್ಲಿ ಇವಳು ತಲೆ ಚಚ್ಕೊಳ್ಳೋಳು. ಬಾಯಿಗೆ ಬಂದ ಮಾತು ಒಳಗೇ ಹೋಗ್ಬಿಡೋದು."

ಈಗ ಅಕ್ಕ, ಗುಬ್ಬಿ ಇಬ್ಬರೂ ನನ್ನ ಮನೆಯಲ್ಲೇ ಇದ್ದಾರೆ. ಫಿಟ್ಸು ಬಂದು ಬಿದ್ದ ಗುಬ್ಬಿಯನ್ನು ಎತ್ತಿ ಕೂರಿಸಲು ಇಬ್ಬರು ಬೇಕು. ನನಗೆ ಬೆನ್ನುನೋವು, ಅಕ್ಕನಿಗೆ ಮಂಡಿನೋವು. ಇಂಥವರನ್ನು ಇಟ್ಟುಕೊಳ್ಳುವ ಒಂದು ಜಾಗವಿದೆ ಎಂದು ಯಾರೋ ಹೇಳಿದರು, ಹೋಗಿ ನೋಡಿಬಂದೆ. ಒಂದೇ ಕೋಣೆಯಲ್ಲಿ ಹತ್ತಾರು ಮಂಚ, ಕಿಟಕಿಗೆ ಜಾಲರಿ. ಅಕ್ಕನಿಗೆ ಅದರ ಸುದ್ದಿ ಎತ್ತಿಲ್ಲ. ಅವಳೂ ಆ ದಿನ ಎಲ್ಲಿಗೆ ಹೋಗಿದ್ದೆ ಎಂದು ನನ್ನನ್ನು ಕೇಳಿಲ್ಲ.